ಮೇಲೆ ಆರು ಡೆಸಿಬೆಲ್ ಬಿಟ್ಟು ಕಳಿಸಿ

ಹಾಡಿನ ಮಿಕ್ಸಿಂಗ್ ಮುಗಿದು ಮಾಸ್ಟರಿಂಗ್‌ಗೆ, ಅಂದರೆ ಬಿಡುಗಡೆಗೆ ಮುಂಚಿನ ಕೊನೆಯ ಹದಕ್ಕೆ, ಕಳಿಸುವ ಹೊತ್ತು ಬಂದಾಗ ಸ್ಟುಡಿಯೋದವರು ಒಂದಿಷ್ಟು ಕಟ್ಟಳೆ ಹೇಳುತ್ತಾರೆ. 24 ಬಿಟ್‌ನ ವೇವ್ ಫೈಲ್ ಬೇಕು, ಎಂಪಿ3 ಬೇಡ. ಸದ್ದಿನ ಪೀಕ್ ಮೀಟರಿನ ತುದಿಯಾದ ಸೊನ್ನೆ ಮುಟ್ಟಬಾರದು, ಮೇಲೆ ಆರು ಡೆಸಿಬೆಲ್ ಬಿಡಿ. ಸದ್ದಿನ ತುದಿಗಳನ್ನು ಒತ್ತಿಹಿಡಿಯಲು ಕೊನೆಯಲ್ಲಿ ಹಾಕಿದ ಲಿಮಿಟರ್ ತೆಗೆಯಿರಿ. ಹಾಡಿನ ಹಿಂದೆ ಮುಂದೆ ತುಸು ಮೌನವಿರಲಿ. ಮನೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಭಾವಗೀತೆಯನ್ನೋ ರ‍್ಯಾಪನ್ನೋ ರೆಕಾರ್ಡ್ ಮಾಡುವ ಹುಡುಗರಿಗೆ ಇದೆಲ್ಲ ಅಜ್ಜಿಯ ಮಡಿಯಂತೆ ಕಾಣುತ್ತದೆ. ಆದರೆ ಈ ಕಟ್ಟಳೆಗಳ ಹಿಂದೆ ಯಂತ್ರಗಳಿವೆ. ಅವುಗಳಲ್ಲಿ ಕೆಲವು ಗುಜರಿ ಸೇರಿ ದಶಕಗಳಾದವು.

ಮೊದಮೊದಲು ಕಳಿಸುವುದೆಂದರೆ ಹಡಗಿಗೆ ಹಾಕುವುದು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ಮೇಣದ ತಟ್ಟೆಗಳ ಮೇಲೆ ಕೊರೆದುಕೊಂಡರು. ಅವು ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ರೆಕಾರ್ಡುಗಳಾಗಿ ತಿರುಗಿ ಬಂದವು. ಹಾಡಿದ್ದೇ ಅಚ್ಚಾಗುತ್ತಿತ್ತು. ನಡುವೆ ಕೈಯಾಡಿಸುವ ಮೂರನೆಯವರಿಗೆ ಜಾಗವೇ ಇರಲಿಲ್ಲ.

ಆ ಜಾಗ ಹುಟ್ಟಿದ್ದು ಮ್ಯಾಗ್ನೆಟಿಕ್ ಟೇಪಿನಿಂದ. 1948ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿಯ ಟೇಪ್ ಯಂತ್ರ ಬಂತು, ಅದೇ ವರ್ಷ ಕೊಲಂಬಿಯಾದವರ ಎಲ್‌ಪಿ ಕೂಡ ಬಂತು. ರೆಕಾರ್ಡ್ ಮಾಡುವುದೇ ಒಂದು ಕೆಲಸ, ಟೇಪಿನಿಂದ ತಟ್ಟೆಗೆ ಕೊರೆಯುವುದೇ ಇನ್ನೊಂದು ಕೆಲಸ ಎಂದಾಯಿತು. ಕೊರೆಯುವವನದು ಕಷ್ಟದ ಹದ. ಬೇಸ್ ಜಾಸ್ತಿಯಾದರೆ ಮುಳ್ಳು ಗೆರೆ ಬಿಟ್ಟು ಹಾರುತ್ತದೆ, ಸದ್ದು ಕಡಿಮೆಯಾದರೆ ತಟ್ಟೆಯ ಕರಕರವೇ ಕೇಳುತ್ತದೆ. 1969ರಲ್ಲಿ ಎಂಜಿನಿಯರ್ ಬಾಬ್ ಲಡ್ವಿಗ್ ‘ಲೆಡ್ ಜೆಪ್ಪೆಲಿನ್ 2’ ಆಲ್ಬಂ ಅನ್ನು ಭಾರಿ ಸದ್ದಿನಲ್ಲಿ ಕೊರೆದರು. ಅಗ್ಗದ ಪ್ಲೇಯರ್ ಒಂದರಲ್ಲಿ ಮುಳ್ಳು ಹಾರಿತೆಂದು ಮತ್ತೆ ಮೆಲ್ಲಗೆ ಕೊರೆಸಿದರಂತೆ. ಲಡ್ವಿಗ್ ಕೊರೆದ ಆ ಮೊದಲ ಪ್ರತಿಗಳನ್ನು ಸಂಗ್ರಾಹಕರು ಇವತ್ತಿಗೂ ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ.

ಆ ಕಾಲದ ಮಾಸ್ಟರ್ ಟೇಪಿನ ಡಬ್ಬಿಯನ್ನು ಒಮ್ಮೆ ನೋಡಬೇಕು. ಮೇಲಿನ ಚೀಟಿಯಲ್ಲಿ ಟೇಪಿನ ವೇಗ ಸೆಕೆಂಡಿಗೆ 15 ಇಂಚೋ 30 ಇಂಚೋ, ಟೇಪಿನ ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಇದೆಯೋ ಇಲ್ಲವೋ, ಹಾಡುಗಳ ಅನುಕ್ರಮ, ಅವಧಿ ಎಲ್ಲವೂ ಇರುತ್ತಿತ್ತು. ಟೇಪಿನ ಶುರುವಿನಲ್ಲಿ ಹಾಡಿಲ್ಲ, ಬರೀ ಕೂಗು: 1,000 ಹರ್ಟ್ಸ್, 10,000 ಹರ್ಟ್ಸ್, 100 ಹರ್ಟ್ಸ್. ಟೇಪು ಪಡೆದವನು ಆ ಕೂಗು ಕೇಳಿಸಿಕೊಂಡು, ತನ್ನ ಯಂತ್ರವನ್ನು ಕಳಿಸಿದವನ ಯಂತ್ರಕ್ಕೆ ಹೊಂದಿಸಿಕೊಳ್ಳುತ್ತಿದ್ದ. ಆಮೇಲೆಯೇ ಹಾಡು. ಸುರುಳಿಯನ್ನು ಹಿಂದಕ್ಕೆ ಸುತ್ತದೆ, ಹಾಡಿನ ಕೊನೆ ಹೊರಗೆ ಬರುವಂತೆಯೇ ಇಡುವ ಪದ್ಧತಿಯೂ ಇತ್ತು. ಒಂದರ ಮೇಲೊಂದು ಕೂತ ಟೇಪಿನ ಪದರಗಳಲ್ಲಿ ಒಂದರ ಸದ್ದು ಇನ್ನೊಂದಕ್ಕೆ ಸಣ್ಣಗೆ ಅಂಟಿಕೊಳ್ಳುತ್ತದೆ. ಹೀಗೆ ಇಟ್ಟರೆ ಆ ನೆರಳುಸದ್ದು ಹೆಚ್ಚಾಗಿ ಹಾಡಿಗಿಂತ ಮುಂಚೆ ಕೇಳದೆ ಹಿಂದೆ ಬರುತ್ತದೆ, ಹಾಡಿನಲ್ಲೇ ಮುಚ್ಚಿಹೋಗುತ್ತದೆ.

ಡಿಜಿಟಲ್ ಬಂದ ಕಥೆ ಇನ್ನೂ ಸೊಗಸು. ಸಿಡಿಯಲ್ಲಿ ಸೆಕೆಂಡಿಗೆ ಸದ್ದಿನ 44,100 ಮಾದರಿಗಳು (ಸ್ಯಾಂಪಲ್‌ಗಳು) ಇರುತ್ತವೆ. ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳುವುದರಿಂದ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಬೇಕು ಎನ್ನುವುದು ಸರಿ. ಆದರೆ 44,000 ಅಲ್ಲ, 45,000 ಅಲ್ಲ, ಈ ಚಿಲ್ಲರೆ ಸಂಖ್ಯೆಯೇ ಏಕೆ? ಎಪ್ಪತ್ತರ ದಶಕದಲ್ಲಿ ಅಷ್ಟು ಡಿಜಿಟಲ್ ಮಾಹಿತಿ ಹಿಡಿಯುವ ಅಗ್ಗದ ಸಾಧನವೆಂದರೆ ವಿಡಿಯೋ ಟೇಪ್ ಒಂದೇ. ಸೋನಿಯವರು ಸದ್ದನ್ನು ಕಪ್ಪು-ಬಿಳುಪು ಚುಕ್ಕಿಗಳ ಚಿತ್ರವಾಗಿಸಿ ಯು-ಮ್ಯಾಟಿಕ್ ಕ್ಯಾಸೆಟ್‌ಗೆ ತುಂಬಿದರು. ಟಿವಿಯ ಒಂದು ಗೆರೆಗೆ ಮೂರು ಮಾದರಿ, ಬಳಕೆಗೆ ಸಿಗುವ 245 ಗೆರೆ, ಸೆಕೆಂಡಿಗೆ 60 ಸಲ: ಗುಣಿಸಿದರೆ 44,100. ಯುರೋಪಿನ ಟಿವಿಯಲ್ಲಿ 294 ಗೆರೆ, 50 ಸಲ, ಅಲ್ಲೂ 44,100. ಎರಡು ಟಿವಿ ಪದ್ಧತಿಗೂ ಒಗ್ಗಿದ ಸಂಖ್ಯೆ ಹಾಗೇ ಉಳಿಯಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಅಂಗಡಿಗೆ ಸಿಡಿ ಬಂದಾಗ ಕಾರ್ಖಾನೆಗೆ ಹೋಗುತ್ತಿದ್ದ ಮಾಸ್ಟರ್ ಇಂಥ ವಿಡಿಯೋ ಕ್ಯಾಸೆಟ್ಟೇ. ಮುಂದೆ ಡಿಡಿಪಿ ಎಂಬ ಫೈಲುಗಳ ಕಟ್ಟು ಬಂತು, ಕ್ಯಾಸೆಟ್ ಮೂಲೆ ಸೇರಿತು.

ಆರು ಡೆಸಿಬೆಲ್ ಕಟ್ಟಳೆಗೂ ಇಲ್ಲೇ ಬೇರಿದೆ. ಒಂದು ಬಿಟ್ ಅಂದರೆ ಹೆಚ್ಚುಕಡಿಮೆ 6 ಡೆಸಿಬೆಲ್. 16 ಬಿಟ್‌ನ ಕಾಲದಲ್ಲಿ ಅಷ್ಟು ಜಾಗ ಬಿಡುವುದೆಂದರೆ ಹದಿನಾರರಲ್ಲಿ ಒಂದನ್ನು ಕೈಬಿಟ್ಟಂತೆ, ಅದಕ್ಕೇ ಎಲ್ಲರೂ ಮೀಟರ್ ಸೊನ್ನೆಯ ಹತ್ತಿರ ಕುಣಿಯುವಂತೆ ಮಾಡುತ್ತಿದ್ದರು. 24 ಬಿಟ್‌ಗೆ 144 ಡೆಸಿಬೆಲ್‌ನಷ್ಟು ಹರವಿದೆ, ಒಂದು ಹೋದರೆ ಯಾರಿಗೂ ತಿಳಿಯದು. ಯಂತ್ರ ಬದಲಾದರೂ ಸೊನ್ನೆ ಮುಟ್ಟಿಸುವ ಚಟ ಬಿಡಲಿಲ್ಲ. ನಿಜ ಹೇಳಬೇಕೆಂದರೆ ಆ ಆರರಲ್ಲಿ ಮಂತ್ರವೇನೂ ಇಲ್ಲ. ಮೂರು ಬಿಟ್ಟರೂ ನಡೆದೀತು. ಸದ್ದು ಹೆಚ್ಚಿದ್ದರೆ ಮಾಸ್ಟರಿಂಗ್ ಮಾಡುವವರು ತಗ್ಗಿಸಿಕೊಳ್ಳಬಲ್ಲರು. ಲಿಮಿಟರ್ ಚಪ್ಪಟೆ ಮಾಡಿದ ಡ್ರಮ್ಮಿನ ಏಟನ್ನು ಮಾತ್ರ ಅವರು ಮರಳಿ ತರಲಾರರು.

ಇದಕ್ಕೆ ದೊಡ್ಡ ಸಾಕ್ಷಿ ಮೆಟಾಲಿಕಾ ಬ್ಯಾಂಡಿನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ. 2008ರಲ್ಲಿ ಸಿಡಿ ಬಂದಾಗ ಸದ್ದು ಒಡೆದು ಕರ್ಕಶವಾಗಿತ್ತು. ಅವೇ ಹಾಡುಗಳು ‘ಗಿಟಾರ್ ಹೀರೋ’ ಎಂಬ ವಿಡಿಯೋ ಗೇಮ್‌ನಲ್ಲಿ ಚೊಕ್ಕವಾಗಿ ಕೇಳುತ್ತಿದ್ದವು. ಮಾಸ್ಟರಿಂಗ್ ಮತ್ತೆ ಮಾಡಿ ಎಂದು ಅಭಿಮಾನಿಗಳು ಸಹಿ ಸಂಗ್ರಹಿಸಿದರು. ಬೈಗುಳ ಬಿದ್ದದ್ದು ಮಾಸ್ಟರಿಂಗ್ ಮಾಡಿದ ಟೆಡ್ ಜೆನ್ಸನ್ ಮೇಲೆ. ಆಮೇಲೆ ಅಭಿಮಾನಿಯೊಬ್ಬರಿಗೆ ಅವರು ಕೊಟ್ಟ ಉತ್ತರ ಬಯಲಾಯಿತು: ತನ್ನ ಕೈಗೆ ಬರುವಷ್ಟರಲ್ಲೇ ಮಿಕ್ಸ್‌ಗಳು ಗೋಡೆಗೆ ಅಪ್ಪಚ್ಚಿಯಾಗಿದ್ದವು ಎಂಬುದು ಅದರ ತಾತ್ಪರ್ಯ. ಎಂಥ ಕೈಚಳಕದವರಿದ್ದರೂ ಬಂದ ಫೈಲಿನಲ್ಲಿ ಇಲ್ಲದ್ದನ್ನು ಕೊಡಲಾಗದು.

ಅಷ್ಟು ಒತ್ತಿ ಗೆದ್ದದ್ದಾದರೂ ಏನು? ಈಗ ಸ್ಪಾಟಿಫೈನಂಥವರು ಎಲ್ಲ ಹಾಡುಗಳನ್ನೂ ಸರಿಸುಮಾರು ಒಂದೇ ಗಟ್ಟಿತನಕ್ಕೆ ತಂದು ಕೇಳಿಸುತ್ತಾರೆ. ಅವರ ರೂಢಿಯ ಅಳತೆ ಮೈನಸ್ 14 ಎಲ್‌ಯುಎಫ್‌ಎಸ್ (ಗಟ್ಟಿತನ ಅಳೆಯುವ ಮಾನ). ಅದನ್ನು ಮೀರಿ ಅರಚುವ ಹಾಡನ್ನು ಆ್ಯಪ್ ತಾನೇ ತಗ್ಗಿಸುತ್ತದೆ. ಅರಚಾಟ ಹೋಗಿ ಚಪ್ಪಟೆತನವಷ್ಟೇ ಉಳಿಯುತ್ತದೆ.

ಹಾಗಾಗಿ ಹಾಡು ಕಳಿಸುವವರಲ್ಲಿ ಬಿನ್ನಹ. ರೆಕಾರ್ಡ್ ಮಾಡಿದ್ದು ಸೆಕೆಂಡಿಗೆ 48,000 ಸ್ಯಾಂಪಲ್‌ನಲ್ಲಾದರೆ ಹಾಗೇ ಕಳಿಸಿ, ಬೇಕಾದ ಅಳತೆಗೆ ಮಾಸ್ಟರಿಂಗ್ ಮಾಡುವವರೇ ಇಳಿಸಿಕೊಳ್ಳುತ್ತಾರೆ. ಲಿಮಿಟರ್ ಹಾಕಿದ ಪ್ರತಿಯೇ ನಿಮ್ಮ ಮನಸ್ಸಿಗೆ ಹಿಡಿಸಿದ್ದರೆ ಅದನ್ನೂ ಮಾದರಿಗೆಂದು ಬೇರೆಯಾಗಿ ಲಗತ್ತಿಸಿ. ಫೈಲಿಗೆ ‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂದು ಹೆಸರಿಡದೆ ಹಾಡಿನ ಹೆಸರು, ತಾರೀಖು ಬರೆಯಿರಿ. ಎಲ್ಲಕ್ಕೂ ಮುಂಚೆ, ಹೊರತೆಗೆದ ಆ ಫೈಲನ್ನೇ ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಒಮ್ಮೆ ಕೇಳಿ. ಕತ್ತರಿಸಿಹೋದ ಬಾಲ, ಮ್ಯೂಟ್ ಆಗಿ ಉಳಿದ ತಬಲಾ ಸಿಗುವುದು ಆಗಲೇ.