ಕ್ಯಾಶ್ ಎಡವಿದರೆ ಖಾತೆಯ ಗುಟ್ಟು ರಟ್ಟು

2015ರ ಡಿಸೆಂಬರ್ 25. ಗಣಕ ಆಟಗಳನ್ನು ಮಾರುವ 'ಸ್ಟೀಮ್' ಜಾಲತಾಣದಲ್ಲಿ ರಿಯಾಯಿತಿ ಮಾರಾಟದ ಭರಾಟೆ. ತಮ್ಮ ಖಾತೆಯ ಪುಟ ತೆರೆದ ಕೆಲವರಿಗೆ ಅಲ್ಲಿ ಕಂಡದ್ದು ಅಪರಿಚಿತರ ಇ-ಮೇಲ್ ವಿಳಾಸ ಮತ್ತು ಖರೀದಿಯ ವಿವರ! ಸುಮಾರು ಒಂದೂವರೆ ಗಂಟೆಯ ಅವಧಿಯಲ್ಲಿ 34 ಸಾವಿರ ಬಳಕೆದಾರರ ಮಾಹಿತಿ ಹೀಗೆ ಪರರ ಕಣ್ಣಿಗೆ ಬಿದ್ದಿರಬಹುದು ಎಂದು ತಾಣದ ಒಡೆತನ ಹೊಂದಿರುವ ಅಮೆರಿಕದ ವಾಲ್ವ್ ಸಂಸ್ಥೆ ಬಳಿಕ ತಿಳಿಸಿತು. ಖಾತೆಗಳಿಗೆ ಯಾರೂ ಕನ್ನ ಹಾಕಿರಲಿಲ್ಲ. ತಾಣವನ್ನು ಸ್ಥಗಿತಗೊಳಿಸಲು ನಡೆದ ಕೃತಕ ದಟ್ಟಣೆಯ ದಾಳಿಯನ್ನು ಎದುರಿಸಲು ಮಾಡಿದ ಕ್ಯಾಶ್ ಹೊಂದಾಣಿಕೆಯಲ್ಲಿನ ದೋಷವೇ ಇದಕ್ಕೆ ಕಾರಣವಾಗಿತ್ತು.

ಇಲ್ಲಿ ಕ್ಯಾಶ್ ಎಂದರೆ ನಗದು ಹಣವಲ್ಲ. ಒಮ್ಮೆ ಸಿದ್ಧಪಡಿಸಿದ ಪುಟದ ಪ್ರತಿಯನ್ನು ತೆಗೆದಿರಿಸಿ, ಮತ್ತೆ ಕೇಳಿದಾಗ ಅದನ್ನೇ ಒದಗಿಸುವ ವ್ಯವಸ್ಥೆ. ಈ ಪ್ರತಿ ಬಳಕೆದಾರರ ಬ್ರೌಸರ್‌ನಲ್ಲಿ ಇರಬಹುದು. ಸರ್ವರ್ ಮತ್ತು ಬಳಕೆದಾರರ ನಡುವಿನ ಗಣಕದಲ್ಲಿಯೂ ಇರಬಹುದು. ಮೊದಲನೆಯದು ಒಬ್ಬರ ಸ್ವತ್ತು, ಎರಡನೆಯದು ಎಲ್ಲರಿಗೂ ಹಂಚಿಕೆಯಾಗುವಂಥದ್ದು. ಅಪಾಯ ಅಡಗಿರುವುದು ಈ ಎರಡನೆಯದರಲ್ಲಿ.

ಯಾವ ಪುಟವನ್ನು ಎಲ್ಲಿ, ಎಷ್ಟು ಹೊತ್ತು ಇರಿಸಬೇಕೆಂಬುದನ್ನು ಸರ್ವರ್ ಕಳುಹಿಸುವ 'ಕ್ಯಾಶ್-ಕಂಟ್ರೋಲ್' ಸೂಚನೆ ತಿಳಿಸುತ್ತದೆ. 1997ರ ಎಚ್‌ಟಿಟಿಪಿ 1.1 ನಿಯಮಾವಳಿಯೊಂದಿಗೆ ಇದು ಬಳಕೆಗೆ ಬಂತು. ಅಪಾಚೆ, ಎಂಜಿನ್‌ಎಕ್ಸ್ ಮುಂತಾದ ಸರ್ವರ್‌ಗಳಲ್ಲಿ ನಿರ್ವಾಹಕರು ಇದನ್ನು ಹೀಗೆ ಹೊಂದಿಸಬಹುದು:

* ಲಾಂಛನ, ಚಿತ್ರ, ವಿನ್ಯಾಸದ ಕಡತಗಳು: 'ಮ್ಯಾಕ್ಸ್-ಏಜ್' 31536000 ಸೆಕೆಂಡು, ಅಂದರೆ 365 ದಿನ. ಕಡತವನ್ನು ತಿದ್ದಿದಾಗ ಅದರ ಹೆಸರನ್ನೂ ಬದಲಿಸಬೇಕು. ಇಲ್ಲವಾದರೆ ಹಳೆಯದೇ ಕಾಣುತ್ತಿರುತ್ತದೆ.

* ಸುದ್ದಿತಾಣದ ಮುಖಪುಟ: 60 ಸೆಕೆಂಡು. ಓದುಗರು ಮುಗಿಬಿದ್ದರೂ ಮೂಲ ಸರ್ವರ್‌ನ ಹೊರೆ ತಗ್ಗುತ್ತದೆ, ಸುದ್ದಿಯೂ ಹಳಸುವುದಿಲ್ಲ.

* ಲಾಗಿನ್ ಆದ ನಂತರದ ಪುಟಗಳು: 'ಪ್ರೈವೇಟ್'. ಹಂಚಿಕೆಯ ಗಣಕ ಇವನ್ನು ಉಳಿಸಿಕೊಳ್ಳುವಂತಿಲ್ಲ. ಬ್ಯಾಂಕ್ ಖಾತೆಯಂಥ ಸೂಕ್ಷ್ಮ ಪುಟಗಳಿಗೆ 'ನೋ-ಸ್ಟೋರ್'. ಬ್ರೌಸರ್ ಕೂಡ ಪ್ರತಿ ಇಡುವಂತಿಲ್ಲ.

'ನೋ-ಕ್ಯಾಶ್' ಎಂಬ ಸೂಚನೆಯ ಹೆಸರು ದಾರಿ ತಪ್ಪಿಸುವಂಥದ್ದು. ಪ್ರತಿ ಇಡಬಾರದು ಎಂಬುದು ಅದರ ಅರ್ಥವಲ್ಲ; ಇಟ್ಟ ಪ್ರತಿಯನ್ನು ಕೊಡುವ ಮುನ್ನ ಪ್ರತಿ ಸಲವೂ ಮೂಲ ಸರ್ವರನ್ನು ಕೇಳಬೇಕು ಎಂದಷ್ಟೇ.

ಸರ್ವರ್‌ನಲ್ಲಿ ಎಲ್ಲವೂ ಸರಿಯಿದ್ದರೂ, ನಡುವಿನ ಗಣಕವು ಈ ಸೂಚನೆಗಳನ್ನು ಕಡೆಗಣಿಸುವಂತೆ ಹೊಂದಿಸಲು ಸಾಧ್ಯವಿದೆ ಎಂಬುದನ್ನು ನಿರ್ವಾಹಕರು ಮರೆಯುವಂತಿಲ್ಲ. ಆದ್ದರಿಂದ ಬದಲಾವಣೆಯನ್ನು ಜಾರಿಗೊಳಿಸುವ ಮುನ್ನ, ಎರಡು ಬೇರೆ ಖಾತೆಗಳಿಂದ ಒಂದೇ ವಿಳಾಸದ ಪುಟವನ್ನು ಒಂದರ ಬೆನ್ನಿಗೆ ಒಂದರಂತೆ ತೆರೆದು ನೋಡುವುದು ಲೇಸು. ಪುಟ ಎರಡು ಸೆಕೆಂಡು ತಡವಾದರೆ ಬಳಕೆದಾರರು ಗೊಣಗಿ ಸುಮ್ಮನಾದಾರು. ತಮ್ಮ ಖಾತೆ ಊರಿಗೆಲ್ಲ ಕಂಡರೆ ಮತ್ತೆ ಆ ತಾಣವನ್ನು ನಂಬಲಾರರು.