ಖಡ್ಗವು ಕಿಸೆಗಿಳಿದ ಬಗೆ

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಮಡಿಚುವ ಚಾಕುವನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಅಲಗನ್ನು ಹಿಡಿಯೊಳಗೆ ಸೇರಿಸಿದರೆ ಉಳಿಯುವ ಉದ್ದ ನಾಲ್ಕೇ ಅಂಗುಲ. ಹಿಡಿಯ ಎರಡು ಬದಿಗೂ ಕಾಗೆಯ ರೆಕ್ಕೆಯಂತೆ ನೀಲಿ ಮಿನುಗುವ ಕಪ್ಪು ತಗಡು. ಆ ಕಪ್ಪಿನ ಆಕಾಶದಲ್ಲಿ ಬೆಳ್ಳಿಯದೊಂದು ಚಂದ್ರ; ಕೆಳಗೆ ಕೆಂಗಂದು ಬಣ್ಣದ ಹುಲ್ಲೆಸಳು; ಎಸಳಿನ ತುದಿಯಲ್ಲಿ ಚಿನ್ನದ ಮಿಡತೆ. ಇದಕ್ಕೆ ಯಾವ ಬಣ್ಣ ಬಳಿದಿದ್ದಾರೆ ಎಂದು ಕೇಳಿದರೆ, ಒಂದು ತೊಟ್ಟು ಬಣ್ಣವನ್ನೂ ಬಳಿದಿಲ್ಲ ಎಂಬುದೇ ಉತ್ತರ. ಕಪ್ಪು ಲೋಹದಿಂದಲೇ ಹುಟ್ಟಿದ ಕಪ್ಪು, ಕೆಂಪು ಲೋಹದಿಂದಲೇ ಹುಟ್ಟಿದ ಕೆಂಪು. ಇಂತಹ ಚಾಕುಗಳನ್ನು ಇಂದು ಅಮೆರಿಕಾ ಯೂರೋಪುಗಳ ಕುಶಲಿಗಳು ಕೂಡ ಮಾಡುತ್ತಾರೆ. ಆದರೆ ವಿದ್ಯೆ ಮಾತ್ರ ಜಪಾನಿನದು. ಅದು ಚಾಕುವಿನ ಹಿಡಿಗೆ ಬಂದು ಸೇರಿದ ಕಥೆಯಲ್ಲಿ ಒಂದು ಕುಲಕಸುಬಿನ ಜೀವನ್ಮರಣದ ಪ್ರಶ್ನೆಯೇ ಅಡಗಿದೆ.

ಜಪಾನಿನ ಸಮುರಾಯಿ ಎಂಬ ಯೋಧವರ್ಗದವರು ಸೊಂಟದಲ್ಲಿ ಖಡ್ಗ ಧರಿಸುತ್ತಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಒರೆಯ ಬದಿಯಲ್ಲಿ ಕೊರೆದ ಸಣ್ಣ ಗೂಡಿನಲ್ಲಿ ಒಂದು ಮರಿಚಾಕುವೂ ಇರುತ್ತಿತ್ತು. ಕೊಜುಕಾ ಎಂಬುದು ಅದರ ಹಿಡಿಯ ಹೆಸರು. ಚಲಚ್ಚಿತ್ರಗಳಲ್ಲಿ ಇದನ್ನು ಶತ್ರುವಿನ ಮೇಲೆ ಎಸೆಯುವುದನ್ನು ನೋಡಿದವರಿರಬಹುದು. ವಾಸ್ತವವಾಗಿ ಅದು ಕಾಗದ ಕತ್ತರಿಸುವಂತಹ ಚಿಲ್ಲರೆ ಕೆಲಸಗಳಿಗೆ ಒದಗುತ್ತಿದ್ದ ಉಪಕರಣ. ಆ ಹಿಡಿಯ ಉದ್ದ ಸುಮಾರು 10 ಸೆಂಟಿಮೀಟರು, ಅಗಲ ಒಂದೂವರೆ ಸೆಂಟಿಮೀಟರು. ಒಂದು ಬೆರಳಿನಷ್ಟು ಜಾಗ! ಅಷ್ಟರಲ್ಲಿಯೇ ಜಪಾನಿನ ಲೋಹಶಿಲ್ಪಿಗಳು ಮಳೆ ಸುರಿಸಿದರು, ಹಕ್ಕಿ ಹಾರಿಸಿದರು, ಸಿಂಹಗಳನ್ನು ಕುಣಿಸಿದರು.

ಈ ಶಿಲ್ಪದ ಮೂಲಪುರುಷನೆಂದು ಹೆಸರಾದವನು ಗೋತೋ ಯೂಜೋ (1440-1512). ಅವನ ವಂಶದವರು ತಲೆಮಾರುಗಳವರೆಗೆ ಪ್ರಭುಗಳ ಆಶ್ರಯದಲ್ಲಿಯೇ ಬಾಳಿದರು. ಮೀನಿನ ಮೊಟ್ಟೆಗಳಂತೆ ಒತ್ತೊತ್ತಾಗಿ ಕುಳಿತ ಸಾಸಿವೆಗಿಂತ ಸಣ್ಣ ಗುಂಡುಗಳ ಕಪ್ಪು ಹಿನ್ನೆಲೆ, ಅದರ ಮೇಲೆ ಚಿನ್ನದ ಉಬ್ಬುಚಿತ್ರ - ಇದು ಅವರ ಮನೆತನದ ಮುದ್ರೆ. ಒಂದೊಂದು ಗುಂಡನ್ನೂ ತುದಿ ಟೊಳ್ಳಾದ ಉಳಿಯಿಂದ ಒಂದೊಂದು ಪೆಟ್ಟಿನಲ್ಲಿ ಎಬ್ಬಿಸಬೇಕು. ಒಂದು ಪೆಟ್ಟು ತಪ್ಪಿದರೆ ಸಾಲೇ ಕೆಟ್ಟಿತು. ಆಸ್ಥಾನದ ಈ ಕಟ್ಟುನಿಟ್ಟಿನಿಂದ ಹೊರಬಿದ್ದು ಪೇಟೆಯ ಜನರಿಗಾಗಿ ಕೆತ್ತತೊಡಗಿದವರಲ್ಲಿ ಯೊಕೊಯಾ ಸೋಮಿನ್ (1670-1733) ಅಗ್ರಗಣ್ಯ. ಉಳಿಯನ್ನು ಓರೆಯಾಗಿ ಹಿಡಿದು, ಒಂದು ಅಂಚು ಆಳವಾಗಿಯೂ ಇನ್ನೊಂದು ತೇಲಿಕೆಯಾಗಿಯೂ ಬರುವಂತೆ ಗೆರೆ ಎಳೆಯುವುದು ಅವನ ರೀತಿ. ಕುಂಚದಿಂದ ಎಳೆದ ಶಾಯಿಯ ಗೆರೆ ಹೇಗೆ ಒಮ್ಮೆ ಉಬ್ಬಿ ಒಮ್ಮೆ ಸೊರಗುವುದೋ ಹಾಗೆಯೇ ಲೋಹದ ಮೇಲಿನ ಗೆರೆಯೂ ಉಸಿರಾಡುತ್ತದೆ. ಈ ಬರಹಗಾರನ ಅಭಿರುಚಿಗೆ ಗೋತೋ ಮನೆತನದ ವೈಭವಕ್ಕಿಂತ ಸೋಮಿನನ ಈ ಗೆರೆಯೇ ಹೆಚ್ಚು.

ವಿಚಿತ್ರವೆಂದರೆ, ಖಡ್ಗಕ್ಕೆ ಕೆಲಸವಿಲ್ಲದ ಕಾಲದಲ್ಲಿಯೇ ಖಡ್ಗದ ಅಲಂಕಾರ ಪರಾಕಾಷ್ಠೆಯನ್ನು ಮುಟ್ಟಿತು. ತೊಕುಗಾವಾ ಪ್ರಭುಗಳ ಎರಡೂವರೆ ಶತಮಾನಗಳ ಶಾಂತಿಯಲ್ಲಿ ಅಲಗು ಒರೆಯಲ್ಲಿ ಮಲಗಿತ್ತು, ಹಿಡಿ ಮೆರೆಯಿತು. ಆಮೇಲೆ ಬಂದಿತು 1876ರ ಮಾರ್ಚಿ ತಿಂಗಳ ರಾಜಾಜ್ಞೆ: ಸಮವಸ್ತ್ರದ ಸೈನಿಕರು, ಪೊಲೀಸರು ಮೊದಲಾದವರ ಹೊರತು ಇನ್ನು ಯಾರೂ ಬೀದಿಯಲ್ಲಿ ಖಡ್ಗ ಧರಿಸಕೂಡದು. ಸಮುರಾಯಿಗಳ ಮಾನಹಾನಿಯ ವಿಷಯವನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಆದರೆ ನಾಲ್ಕು ನೂರು ವರ್ಷಗಳ ಕೈಚಳಕವನ್ನು ಬೆರಳಿನಲ್ಲಿಟ್ಟುಕೊಂಡು, ಮರುದಿನ ಬೆಳಿಗ್ಗೆ ಉಳಿ ಸುತ್ತಿಗೆಗಳ ಮುಂದೆ ಸುಮ್ಮನೆ ಕುಳಿತ ಕೆತ್ತನೆಗಾರನ ಪಾಡೇನು? ಅವನಿಗೆ ಗೊತ್ತಿದ್ದುದು ಅದೊಂದೇ ಕೆಲಸ.

ಅದೃಷ್ಟವಂತರು ಕೆಲವರಿದ್ದರು. ಕಾನೊ ನತ್ಸುವೊ (1828-1898) ಎಂಬ ಮಹಾಶಿಲ್ಪಿಗೆ ಹೊಸ ಸರ್ಕಾರದ ನಾಣ್ಯಗಳ ವಿನ್ಯಾಸದ ಕೆಲಸ ಮೊದಲೇ ಒದಗಿತ್ತು. ಖಡ್ಗದ ಹಿಡಿಯಲ್ಲಿ ಪಳಗಿದ ಕೈ ಮೆಯ್ಜಿ ಕಾಲದ ನಾಣ್ಯಗಳ ಮೇಲೆ ಡ್ರಾಗನ್ನನ್ನು ಮೂಡಿಸಿತು. 1890ರಲ್ಲಿ ಅವನು ಅರಮನೆಯ ಕಲಾವಿದನೆಂಬ ಗೌರವಕ್ಕೆ ಪಾತ್ರನಾದನು. ಉಳಿದವರು ಹೂದಾನಿ, ಹೊಗೆಸೊಪ್ಪಿನ ಡಬ್ಬಿ, ಆಭರಣಗಳ ಕಡೆಗೆ ತಿರುಗಿದರು. ಅವುಗಳಲ್ಲಿ ಹೆಚ್ಚಿನವು ಹಡಗು ಹತ್ತಿ ಪರದೇಶಕ್ಕೆ ಹೋದವು. ಪಶ್ಚಿಮದವರೂ ಮರುಳಾದರು. ಕೊಜುಕಾ ಹಿಡಿಗಳನ್ನು ಖಡ್ಗದಿಂದ ಬಿಡಿಸಿ, ಹಣ್ಣು ಹೆಚ್ಚುವ ಚಾಕುಗಳಿಗೆ ಜೋಡಿಸಿ, ಊಟದ ಮೇಜಿನ ಮೇಲಿಟ್ಟರು. ಹಲವು ಲೋಹಗಳನ್ನು ಬೆರೆಸುವ ಜಪಾನೀ ಬಗೆಯನ್ನು ಅನುಸರಿಸಿದ ಅಮೆರಿಕಾದ ಟಿಫನಿ ಮನೆಯವರ ಬೆಳ್ಳಿಯ ಸಾಮಾನುಗಳಿಗೆ 1878ರ ಪ್ಯಾರಿಸ್ ಪ್ರದರ್ಶನದಲ್ಲಿ ಮಹಾಬಹುಮಾನ ದೊರೆಯಿತು.

ಜಪಾನಿನಲ್ಲಿಯೇ ಮಡಿಚುವ ಚಾಕು ಎರಡು ದಾರಿಗಳಲ್ಲಿ ಬಂದಿತು. ಒಂದು, ಕ್ಯೋತೋ ನಗರದ ದಾರಿ. ಖಡ್ಗದ ಅಲಂಕಾರದಿಂದಲೇ ಕಸುಬು ಆರಂಭಿಸಿದ್ದ ಕೊಮಾಯ್ ಒತೊಜಿರೋ (1842-1917) ಮತ್ತು ಅವನ ಸಮಾನಕರ್ಮಿಗಳು, ಕಬ್ಬಿಣದ ಮೇಲೆ ಬಟ್ಟೆಯ ನೇಯ್ಗೆಯಂತೆ ಸೂಕ್ಷ್ಮ ಗೀರುಗಳನ್ನು ಎಳೆದು, ಅವುಗಳ ಹಲ್ಲಿಗೆ ಚಿನ್ನದ ರೇಕನ್ನು ಬಡಿದು ಕೂರಿಸಿ, ಕಬ್ಬಿಣಕ್ಕೆ ಬೇಕೆಂದೇ ತುಕ್ಕು ಹಿಡಿಸಿ ಕಪ್ಪಾಗಿಸುತ್ತಿದ್ದರು. ಈ ಬಗೆಯ ಕೆಲಸದ ಡಬ್ಬಿ, ತಟ್ಟೆಗಳೊಡನೆ ಕಿಸೆಯ ಚಾಕುಗಳೂ ಪ್ರವಾಸಿಗಳ ಕೈಸೇರಿದವು. ಇನ್ನೊಂದು, ಮಿಕಿ ಪಟ್ಟಣದ ದಾರಿ. ಅಲ್ಲಿ 1890ರ ದಶಕದಲ್ಲಿ ಹುಟ್ಟಿದ ಹಿಗೊನೊಕಾಮಿ ಎಂಬ ಚಾಕುವಿಗೆ ಅಲಂಕಾರವೇ ಇಲ್ಲ: ಮಡಿಸಿದ ತಗಡಿನ ಹಿಡಿ, ಒಂದು ಮೊಳೆ, ಹೆಬ್ಬೆರಳಿನಿಂದ ಒತ್ತುವ ಒಂದು ಬಾಲ, ಅಲಗು. ಸ್ಪ್ರಿಂಗು ಸಹ ಇಲ್ಲ. ಶಾಲೆಯ ಹುಡುಗರು ಅದರಿಂದ ಪೆನ್ಸಿಲು ಹೆರೆಯುತ್ತಿದ್ದರು. 1960ರಲ್ಲಿ ಅಸಾನುಮಾ ಇನೆಜಿರೋ ಎಂಬ ರಾಜಕೀಯ ಮುಖಂಡನನ್ನು ಹದಿನೇಳು ವಯಸ್ಸಿನವನೊಬ್ಬ ಕಿರುಖಡ್ಗದಿಂದ ಇರಿದು ಕೊಂದ ಬಳಿಕ, ಮಕ್ಕಳ ಕೈಯಲ್ಲಿ ಅಲಗೇ ಇರಬಾರದೆಂಬ ಕೂಗೆದ್ದು, ಈ ನಿರಪರಾಧಿ ಚಾಕುವೂ ಶಾಲೆಯ ಚೀಲದಿಂದ ಮರೆಯಾಯಿತು.

ಈಗ ಕಮ್ಮಟದೊಳಕ್ಕೆ ಹೋಗೋಣ. ಕಪ್ಪು ತಗಡಿನ ಲೋಹಕ್ಕೆ ಶಾಕುದೊ ಎಂದು ಹೆಸರು. ತಾಮ್ರಕ್ಕೆ ನೂರರಲ್ಲಿ ನಾಲ್ಕು ಪಾಲಿನಷ್ಟು ಚಿನ್ನ ಬೆರೆಸಿದರೆ ಅದು ಸಿದ್ಧ. ಬೂದುಬಣ್ಣಕ್ಕೆ ಶಿಬುಇಚಿ, 'ನಾಲ್ಕರಲ್ಲಿ ಒಂದು' ಎಂದು ಅದರ ಅರ್ಥ, ಅಂದರೆ ತಾಮ್ರದಲ್ಲಿ ಕಾಲುಭಾಗ ಬೆಳ್ಳಿ. ಹಳೆಯ ಪದ್ಧತಿಯಲ್ಲಿ ಕರಗಿದ ಲೋಹವನ್ನು ಬಿಸಿನೀರಿನೊಳಗೆ ಮುಳುಗಿಸಿದ ಬಟ್ಟೆಯ ತೊಟ್ಟಿಲಿಗೆ ಹೊಯ್ಯುತ್ತಾರೆ! ಕೇಳಿದರೆ ಎದೆ ನಡುಗುತ್ತದೆ. ಆದರೆ ನೀರಿನಡಿಯಲ್ಲಿ ಗಾಳಿ ಸೋಕದೆ ಗಟ್ಟಿ ಶುದ್ಧವಾಗಿ ಇಳಿಯುತ್ತದೆ. ಬಳಿಕ ಕಾಯಿಸಿ ಬಡಿದು, ಬಡಿದು ಕಾಯಿಸಿ, ತಗಡು ಮಾಡಬೇಕು. ವಿಶೇಷವೇನೆಂದರೆ, ಆಗ ಶಾಕುದೊ ತಗಡು ನೋಡುವುದಕ್ಕೆ ಬರಿಯ ತಾಮ್ರವೇ. ಚಿನ್ನ ಹಾಕಿದ್ದು ವ್ಯರ್ಥವಾಯಿತೆಂದು ತಿಳಿಯದವನು ಮರುಗಿಯಾನು.

ಆ ತಗಡನ್ನು ನಮ್ಮ ಅಕ್ಕಸಾಲಿಗರು ಮಾಡುವಂತೆಯೇ ಅರಗಿನ ಮೇಲೆ ಕೂರಿಸಿ ಕೆತ್ತನೆಗೆ ತೊಡಗುತ್ತಾರೆ. ಬೆಳ್ಳಿಯ ಚಂದ್ರ ಕೂರಬೇಕಾದ ಕಡೆ ಗುಳಿ ತೋಡಿ, ಗುಳಿಯ ಗೋಡೆಯನ್ನು ಒಳಗಡೆ ಕೊರೆದು, ಬುಡ ಅಗಲ ಬಾಯಿ ಕಿರಿದು ಮಾಡಬೇಕು. ಬೆಳ್ಳಿಯನ್ನು ಇಟ್ಟು ಬಡಿದರೆ ಅದು ಹರಡಿ ಬುಡದಲ್ಲಿ ಕಚ್ಚಿಕೊಳ್ಳುತ್ತದೆ. ಬೆಸುಗೆಯಿಲ್ಲ, ಅಂಟಿಲ್ಲ; ಹಿಡಿತ ಒಂದೇ. ಮಿಡತೆಯಂತೆ ಉಬ್ಬಿ ನಿಲ್ಲಬೇಕಾದುದನ್ನು ಬೇರೆಯಾಗಿ ಕೆತ್ತಿ ಇದೇ ಉಪಾಯದಿಂದ ನೆಡುತ್ತಾರೆ.

ಖಡ್ಗದ ಹಿಡಿ ನಿಶ್ಚಲವಾದ ವಸ್ತು. ಮಡಿಚುವ ಚಾಕುವಾದರೋ ಸಣ್ಣದೊಂದು ಯಂತ್ರ. ಅಲಗಿನ ಬುಡದ ಮೇಲೆ ಬೆನ್ನಿನ ಸ್ಪ್ರಿಂಗು ಸದಾ ಒತ್ತುತ್ತಿರಬೇಕು. ತೆರೆದಾಗ ಅಲ್ಲಾಡಬಾರದು, ಮುಚ್ಚಿದಾಗ ಬಾಯಿ ಒಳಗೆ ಎಲ್ಲಿಯೂ ತಾಕಬಾರದು. ಅಲಗಿನ ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿದ ಮೇಲೆ, ಒಣಹುಲ್ಲಿನ ಬಣ್ಣ ಬರುವವರೆಗೆ ಮಾತ್ರ ಮತ್ತೆ ಬಿಸಿಮಾಡುತ್ತಾರೆ. ಸ್ಪ್ರಿಂಗಿಗೆ ಬಳುಕು ಬೇಕಾದುದರಿಂದ ಅದನ್ನು ನೀಲಿ ಬರುವವರೆಗೆ ಬಿಡುತ್ತಾರೆ. ಇನ್ನು ಜೋಡಣೆ. ಪಶ್ಚಿಮದ ಪದ್ಧತಿಯಲ್ಲಿ ಎಲ್ಲವನ್ನೂ ಸೇರಿಸಿ, ಮೊಳೆ ಹೊಡೆದು ತಲೆ ತಟ್ಟಿ, ಕಡೆಗೆ ಅರದಿಂದ ಉಜ್ಜಿ ಸಮಮಾಡುತ್ತಾರೆ. ಇಲ್ಲಿ ಜಪಾನೀ ಅಲಂಕಾರಕ್ಕೂ ಚಾಕುವಿನ ಕಟ್ಟಡಕ್ಕೂ ನೇರ ಜಗಳ ಬೀಳುತ್ತದೆ. ಬಣ್ಣ ಬರಿಸುವುದು ಕಟ್ಟಕಡೆಯ ಕೆಲಸ. ಅದರ ಮೇಲೆ ಸುತ್ತಿಗೆ ಬೀಳುವಂತಿಲ್ಲ, ಅರ ಸೋಕುವಂತಿಲ್ಲ. ಬಣ್ಣದ ಕಷಾಯಕ್ಕೆ ಉಕ್ಕನ್ನು ಹಾಕಿದರೆ ಉಕ್ಕು ಕೆಡುತ್ತದೆ. ಆದ್ದರಿಂದ ಅಲಂಕೃತ ತಗಡುಗಳನ್ನು ಬೇರೆಯಾಗಿಯೇ ಮುಗಿಸಿ, ಸಾಸಿವೆಯಷ್ಟು ತಿರುಪುಮೊಳೆಗಳಿಂದ ಬಿಗಿಯುವುದು ಇಂದಿನವರು ಕಂಡುಕೊಂಡ ಒಂದು ಸಂಧಾನ. ಸೋಮಿನನಿಗೆ ಈ ತೊಡಕು ಇರಲಿಲ್ಲ.

ಇಂದಿನವರು ಎಂದೆನಷ್ಟೆ. 1970ರ ದಶಕದಲ್ಲಿ ಹಿರೊಕೊ ಮತ್ತು ಯೂಜೀನ್ ಪಿಜನೌಸ್ಕಿ ದಂಪತಿಗಳು ಜಪಾನಿನ ಲೋಹವಿದ್ಯೆಯನ್ನು, ಮುಖ್ಯವಾಗಿ ಹಲವು ಲೋಹದ ಪದರಗಳನ್ನು ಬೆಸೆದು ಮರದ ನಾರಿನಂತಹ ಚಿತ್ತಾರ ತೆಗೆಯುವ ಮೊಕುಮೆ-ಗಾನೆಯನ್ನು, ಅಮೆರಿಕಾದ ಕಲಾಶಾಲೆಗಳಲ್ಲಿ ಕಲಿಸಿದರು. ಅದೇ ದಶಕದಲ್ಲಿ, 1973ರಲ್ಲಿ, ವಿಲಿಯಂ ಮೊರಾನ್ ಎಂಬ ಕಮ್ಮಾರನು ಪದರಪದರವಾಗಿ ಬೆಸೆದ ಉಕ್ಕಿನ ಚಾಕುಗಳನ್ನು ಪ್ರದರ್ಶನಕ್ಕೆ ತಂದನು. ಇದಕ್ಕೆ ಡಮಾಸ್ಕಸ್ ಎಂಬ ಹೆಸರು ಅಂಟಿಕೊಂಡಿದೆ. ಆ ಹೆಸರಿನ ಮೂಲ ಖಡ್ಗಗಳಿಗೆ ದಕ್ಷಿಣ ಭಾರತದ ಮೂಸೆಗಳಿಂದ ಉಕ್ಕು ಹೋಗುತ್ತಿತ್ತೆಂಬುದನ್ನೂ, ಅದಕ್ಕೆ ಇಂಗ್ಲಿಷರು ಇಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದುದೆಂಬ ವಿದ್ವಾಂಸರ ಅಭಿಪ್ರಾಯವನ್ನೂ ಕನ್ನಡಿಗರಾದ ನಾವು ಮರೆಯಬೇಕಾಗಿಲ್ಲ. ಹೀಗೆ ಅಲಗೂ ಹಿಡಿಯೂ ಸಿದ್ಧವಾಗಿದ್ದ ಕಾಲದಲ್ಲಿ ಅಲಂಕೃತ ಮಡಿಚುವ ಚಾಕು ಒಂದು ಸ್ವತಂತ್ರ ಕಲೆಯಾಗಿ ಬೆಳೆಯಿತು. ಬೆಳೆದುದರ ಜೊತೆಗೇ ಹಳೆಯ ರೋಗವೂ ತಗುಲಿತು: ಕೊಳ್ಳುವವನು ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡುತ್ತಾನೆ, ಅದು ಒಂದು ಸೇಬನ್ನೂ ಕತ್ತರಿಸುವುದಿಲ್ಲ. ಇದು ಈ ಬರಹಗಾರನಿಗೆ ಅಷ್ಟಾಗಿ ಹಿಡಿಸದು. ಆದರೆ ಒರೆಯಲ್ಲೇ ಮಲಗಿದ್ದ ಆ ಖಡ್ಗಗಳನ್ನು ನೆನೆದರೆ, ಈ ಗಾಜಿನ ಪೆಟ್ಟಿಗೆಯೂ ಹೊಸದಲ್ಲವೆಂದು ಒಪ್ಪಬೇಕಾಗುತ್ತದೆ.

ಕಡೆಯ ಕೆಲಸಕ್ಕೆ ಬರೋಣ. ಕೆತ್ತಿ ಮುಗಿದ ತಗಡನ್ನು ಇದ್ದಲಿನ ನುಣ್ಣನೆಯ ಪುಡಿಯಿಂದ ಉಜ್ಜಿ, ಜಿಡ್ಡಿನ ಸುಳಿವೂ ಇಲ್ಲದಂತೆ ತೊಳೆಯುತ್ತಾರೆ. ಬೆರಳಚ್ಚು ಬಿದ್ದಲ್ಲಿ ಕಲೆ ಉಳಿಯುತ್ತದೆ. ತಾಮ್ರದ ಪಾತ್ರೆಯಲ್ಲಿ ರೊಕುಶೋ ಎಂಬ ಹಸಿರು ತಾಮ್ರದ ಕಿಲುಬಿನ ಲವಣವೂ ಮೈಲುತುತ್ತವೂ ಕರಗಿದ ನೀರು ಕುದಿಯುತ್ತಿರುತ್ತದೆ. ಪಕ್ಕದಲ್ಲಿ ತುರಿದ ಮೂಲಂಗಿ! ತಗಡನ್ನು ಮೂಲಂಗಿಯ ರಸದಲ್ಲಿ ಮುಳುಗಿಸಿ, ಒಡನೆಯೇ ಕುದಿಯುವ ಪಾತ್ರೆಗೆ ಇಳಿಸಿ, ನಿಲ್ಲಗೊಡದೆ ಆಡಿಸುತ್ತಾರೆ. ನಿಮಿಷಗಳು ಕಳೆದಂತೆ ತಾಮ್ರದ ಎಸಳು ಕೆಂಗಂದಾಗುತ್ತದೆ, ಶಿಬುಇಚಿ ಬೂದಿಯಾಗುತ್ತದೆ, ಅಲ್ಲಿಯವರೆಗೆ ತಾಮ್ರದಂತೆ ನಟಿಸುತ್ತಿದ್ದ ಶಾಕುದೊ ಕಪ್ಪಾಗುತ್ತದೆ. ಚಿನ್ನ ಬೆಳ್ಳಿಗಳು ಅಲುಗುವುದಿಲ್ಲ. ಒಂದೇ ಪಾತ್ರೆ, ಒಂದೇ ಸ್ನಾನ. ಬಣ್ಣಗಳೆಲ್ಲ ಒಟ್ಟಿಗೆ ಏಳುತ್ತವೆ. ಮೇಲೆ ಹುಟ್ಟಿದ ತಾಮ್ರದ ಆಕ್ಸೈಡಿನ ತೆಳುಪೊರೆಯಲ್ಲಿ ಕಣ್ಣಿಗೆ ಕಾಣದ ಚಿನ್ನದ ಕಣಗಳು ಸೇರಿರುವುದೇ ಆ ಕಪ್ಪಿನ ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ನಮ್ಮ ಬೀದರದ ಕುಶಲಿಗಳಿಗೂ ಇಂತಹದೊಂದು ಗುಟ್ಟು ಗೊತ್ತು: ಸತುವಿನ ಪಾತ್ರೆಗೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿಯ ಕಪ್ಪು ಇದ್ದಲಿನ ಕಪ್ಪು. ಶಾಕುದೊವಿನದು ಮಳೆಯಲ್ಲಿ ನೆನೆದ ಕಾಗೆಯ ಕಪ್ಪು.

ತಗಡನ್ನು ತೊಳೆದು ಒರಸಿ, ತಿರುಪು ಬಿಗಿದು, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಮಾಡಿದವನು ಚಾಕುವನ್ನು ಒಮ್ಮೆ ತೆರೆದು ಒಮ್ಮೆ ಮುಚ್ಚಿ ಸದ್ದನ್ನು ಆಲಿಸುತ್ತಾನೆ. ಕಿಸೆಯಲ್ಲಿಟ್ಟು ದಿನವೂ ಬಳಸುವವನಾದರೆ, ಹೆಬ್ಬೆರಳು ಒತ್ತುವ ಜಾಗದಲ್ಲಿ ಕಾಲಕ್ರಮೇಣ ಕಪ್ಪು ಸವೆದು ಒಳಗಿನ ತಾಮ್ರ ಇಣುಕುತ್ತದೆ. ಕೆಲವರು ಅದನ್ನು ಮತ್ತೆ ಮೂಲಂಗಿಗೂ ಕಷಾಯಕ್ಕೂ ಕಳುಹಿಸುತ್ತಾರೆ. ಕೆಲವರು ಹಾಗೆಯೇ ಇಟ್ಟುಕೊಳ್ಳುತ್ತಾರೆ.