ಬೋರ್ಡಿಲ್ಲದ ಮನೆಯೊಳಗೆ: ವರ್ಜೀನಿಯಾದಲ್ಲಿ ನೆರವಿನ ವಾಸ, ಅದರ ಕಾವಲು

ಹರ್ನ್‌ಡನ್‌ನ ಯಾವುದೋ ಬೀದಿಯಲ್ಲಿ ಬೌದ್ಧಿಕ ವಿಕಲತೆಯಿರುವ ನಾಲ್ವರು ಒಟ್ಟಿಗೆ ಬಾಳುವ ಮನೆಯೊಂದಿದ್ದರೆ ಪಕ್ಕದ ಬೀದಿಯವರಿಗೂ ಅದು ಗೊತ್ತಿರುವುದಿಲ್ಲ. ಬೋರ್ಡಿಲ್ಲ, ಗೇಟಿನಲ್ಲಿ ಕಾವಲುಗಾರನಿಲ್ಲ. ಎಂಟು ಮಂದಿಯವರೆಗಿನ ಇಂಥ ಮನೆಯನ್ನು ಒಂದು ಕುಟುಂಬದ ಮನೆಯೆಂದೇ ಎಣಿಸಬೇಕು ಎನ್ನುತ್ತದೆ ವರ್ಜೀನಿಯಾದ ಕಾನೂನು. ಹಾಗಾಗಿ ನೆರೆಹೊರೆಯವರ ಒಪ್ಪಿಗೆ ಕೇಳುವ ಮಾತೇ ಇಲ್ಲ. ಇದು ಸರಿಯಾದ ಕಾನೂನು. ಆದರೆ ಹೊರಗಿನವರಿಗೆ ಗುರುತೇ ಸಿಗದ ಮನೆಯಲ್ಲಿ ಒಳಗೇನು ನಡೆಯುತ್ತಿದೆ ಎಂದು ನೋಡುವವರು ಯಾರು?

ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸ ಹಿಡಿದು ಡಲ್ಲಸ್ ವಿಮಾನ ನಿಲ್ದಾಣದ ಸುತ್ತ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಪ್ರಶ್ನೆ ಈಗ ಮನೆಯೊಳಗೇ ಬಂದಿದೆ. ಮಗ ಅಥವಾ ಮಗಳಿಗೆ ಇಪ್ಪತ್ತು ದಾಟಿದೆ, ಶಾಲೆಯ ವಿಶೇಷ ಶಿಕ್ಷಣ ಮುಗಿಯುತ್ತಿದೆ. ಅಪ್ಪ ಅಮ್ಮನಿಗೆ ಅರವತ್ತು ಹತ್ತಿರ.

ಮನೆಗಳೇ ಯಾಕೆ, ದೊಡ್ಡ ಆಶ್ರಮ ಯಾಕಿಲ್ಲ ಎಂದು ಊರಿನಿಂದ ಬಂದ ಅಜ್ಜ ಅಜ್ಜಿಯರು ಕೇಳುವುದುಂಟು. ಆಶ್ರಮಗಳು ಇಲ್ಲಿಯೂ ಇದ್ದವು, ಅವುಗಳ ಚರಿತ್ರೆ ಮಾತ್ರ ಚೆನ್ನಾಗಿಲ್ಲ. ಕ್ಯಾರಿ ಬಕ್ ಎಂಬ ಯುವತಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಪ್ಪಿತು. ಆಕೆಯನ್ನು ಇಟ್ಟಿದ್ದದ್ದು ಇದೇ ರಾಜ್ಯದ ಲಿಂಚ್‌ಬರ್ಗ್ ಬಳಿಯ ಸರ್ಕಾರಿ ಸಂಸ್ಥೆಯಲ್ಲಿ. ಅಟ್ಲಾಂಟಾದ ಸರ್ಕಾರಿ ಆಸ್ಪತ್ರೆಯಲ್ಲಿ ಕಾರಣವಿಲ್ಲದೆ ಉಳಿಸಿಕೊಂಡಿದ್ದ ಲೋಯಿಸ್ ಕರ್ಟಿಸ್ ಮತ್ತು ಇಲೇನ್ ವಿಲ್ಸನ್ ಹೂಡಿದ ದಾವೆಯಲ್ಲಿ ಅದೇ ಕೋರ್ಟು 1999ರಲ್ಲಿ ಬೇರೆ ದಾರಿ ಹಿಡಿಯಿತು. ಸಮಾಜದ ನಡುವೆ ಬದುಕಬಲ್ಲವರನ್ನು ಸಂಸ್ಥೆಯೊಳಗೆ ಕೂಡಿಡುವುದು ತಾರತಮ್ಯ ಎಂದಿತು. ಕೇಂದ್ರ ನ್ಯಾಯ ಇಲಾಖೆ ಲಿಂಚ್‌ಬರ್ಗ್ ಸಂಸ್ಥೆಯ ತನಿಖೆ ನಡೆಸಿದ ಮೇಲೆ 2012ರಲ್ಲಿ ವರ್ಜೀನಿಯಾ ಒಪ್ಪಂದಕ್ಕೆ ಸಹಿ ಹಾಕಿತು. ರಾಜ್ಯದ ಇಂಥ ಐದು ಸಂಸ್ಥೆಗಳಲ್ಲಿ ನಾಲ್ಕು ಮುಚ್ಚಿದವು. ಹರ್ನ್‌ಡನ್‌ಗೆ ಹತ್ತಿರವಿದ್ದ ಫೇರ್‌ಫ್ಯಾಕ್ಸ್‌ನ ಸಂಸ್ಥೆ ಮುಚ್ಚಿದ್ದು 2016ರಲ್ಲಿ. ಮುಂದೆ ಹೇಳುವ ಕಾವಲಿನ ಹೆಚ್ಚಿನ ನಿಯಮಗಳು ಆ ಒಪ್ಪಂದದಿಂದ ಬಂದವು ಅಥವಾ ಅದರಿಂದ ಗಟ್ಟಿಯಾದವು.

ದುಡ್ಡಿನ ವಿಚಾರ ಮೊದಲು. ಸೇವೆಯ ಖರ್ಚು ಬರುವುದು ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್‌ನ 'ವೇವರ್' ಮೂಲಕ, ಅಂದರೆ ದೊಡ್ಡ ಸಂಸ್ಥೆಯ ಬದಲು ಮನೆಯಲ್ಲೇ ಸೇವೆ ಪಡೆಯಲು ಹಣ ಕೊಡುವ ಯೋಜನೆ. ಬೌದ್ಧಿಕ, ಬೆಳವಣಿಗೆಯ ವಿಕಲತೆಯವರಿಗಾಗಿ ವರ್ಜೀನಿಯಾದಲ್ಲಿ ಮೂರು ಬಗೆಯ ವೇವರ್‌ಗಳಿವೆ, ಹಗಲು ರಾತ್ರಿ ಆರೈಕೆ ಬೇಕಾದವರಿಗೆ ಸಾಮಾನ್ಯವಾಗಿ 'ಕಮ್ಯುನಿಟಿ ಲಿವಿಂಗ್' ವೇವರ್. ಲೆಕ್ಕಕ್ಕೆ ತೆಗೆದುಕೊಳ್ಳುವುದು ಮಗನ ಆದಾಯವನ್ನು, ಅಪ್ಪನ ಸಂಬಳವನ್ನಲ್ಲ. 'ನಮ್ಮ ಸಂಬಳ ಜಾಸ್ತಿ, ನಮಗೆ ಸಿಗಲ್ಲ' ಎಂದು ಅರ್ಜಿಯನ್ನೇ ಹಾಕದ ಮನೆಗಳಿವೆ. ಅದು ತಪ್ಪು ತಿಳಿವಳಿಕೆ. ವೀಸಾ ಮಾತ್ರ ನಿಜವಾದ ಅಡ್ಡಿ: ಎಚ್-4ರಲ್ಲಿರುವವರಿಗೆ ಹೆಚ್ಚಾಗಿ ವೇವರ್ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಬಂದ ಮೇಲೂ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ವೇವರ್ ಸೇವೆಗೆ ಮಾತ್ರ ಹಣ ಕೊಡುತ್ತದೆ. ಬಾಡಿಗೆ, ಊಟ ಎಸ್‌ಎಸ್‌ಐ ಭತ್ಯೆಯಿಂದಲೋ ಬೇರೆ ನೆರವಿನಿಂದಲೋ ನಡೆಯಬೇಕು.

ಅರ್ಜಿ ಹಾಕುವುದು ಫೇರ್‌ಫ್ಯಾಕ್ಸ್-ಫಾಲ್ಸ್ ಚರ್ಚ್ ಕಮ್ಯುನಿಟಿ ಸರ್ವಿಸಸ್ ಬೋರ್ಡಿನಲ್ಲಿ. ಎಲ್ಲರೂ ಸಿಎಸ್‌ಬಿ ಎನ್ನುತ್ತಾರೆ. ಕಾಯುವ ಪಟ್ಟಿ ಇದೆ. ಆದರೆ ಇದು ರೇಷನ್ ಅಂಗಡಿಯ ಸಾಲಲ್ಲ, ಮೊದಲು ಬಂದವರಿಗೆ ಮೊದಲು ಸಿಗುವುದಿಲ್ಲ. ಯಾರ ಪರಿಸ್ಥಿತಿ ಬಿಗಡಾಯಿಸಿದೆಯೋ ಅವರಿಗೆ ಆದ್ಯತೆ. ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿ ಮಗನನ್ನು ಎತ್ತಲಾಗುತ್ತಿಲ್ಲ ಎಂಬುದನ್ನು ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ಆದ್ಯತೆ ಕೆಳಗಿಳಿಯುತ್ತದೆ. 'ಹೇಗೋ ನಡೆಯುತ್ತಿದೆ' ಎಂಬ ನಮ್ಮ ಸಭ್ಯ ಉತ್ತರ ಈ ಕಚೇರಿಯಲ್ಲಿ ದುಬಾರಿ. 2024ರ ರಾಜ್ಯ ಬಜೆಟ್ಟು ಎರಡು ವರ್ಷಕ್ಕೆ 3,440 ಹೊಸ ಸ್ಥಾನಗಳಿಗೆ ಹಣ ಕೊಟ್ಟಿತು, ಆದರೂ ಪಟ್ಟಿ ಮುಗಿದಿಲ್ಲ.

ವೇವರ್ ಸಿಕ್ಕಿತು ಎನ್ನೋಣ. ಮನೆಗಳಲ್ಲಿ ಬಗೆ ಬಗೆ: ಸಿಬ್ಬಂದಿ ಪಾಳಿಯಲ್ಲಿ ಬರುವ ಗ್ರೂಪ್ ಹೋಮ್, ಮತ್ತೊಂದು ಕುಟುಂಬವೇ ತನ್ನ ಮನೆಯಲ್ಲಿ ಒಬ್ಬಿಬ್ಬರನ್ನು ಇಟ್ಟುಕೊಳ್ಳುವ ಸ್ಪಾನ್ಸರ್ಡ್ ವ್ಯವಸ್ಥೆ, ತನ್ನದೇ ಬಾಡಿಗೆ ಮನೆಯಲ್ಲಿದ್ದು ಬೇಕಾದಷ್ಟು ನೆರವು ಪಡೆಯುವುದು. ಸೇವಾ ಸಂಸ್ಥೆ ನಡೆಸುವ ಮನೆಗಳಿಗೆಲ್ಲ ಕೇಂದ್ರ ಸರ್ಕಾರದ 2014ರ ನಿಯಮ ಅನ್ವಯಿಸುತ್ತದೆ. ಅಲ್ಲಿರುವವರಿಗೆ ಬಾಡಿಗೆದಾರನಿಗಿರುವಂಥ ಕರಾರು ಇರಬೇಕು, ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಇರಬೇಕು, ಹಸಿದಾಗ ತಿನ್ನಲು ಸಿಗಬೇಕು, ಬೇಕೆಂದಾಗ ನೆಂಟರಿಷ್ಟರು ಬರಬೇಕು. ಯಾರದಾದರೂ ಫ್ರಿಜ್ಜಿಗೆ ಬೀಗ ಹಾಕಬೇಕಾದರೆ ಕಾರಣವನ್ನು ಅವರ ಯೋಜನೆಯಲ್ಲಿ ಬರೆದು ಒಪ್ಪಿಗೆ ಪಡೆಯಬೇಕು. ಮೊದಲ ಭೇಟಿಯಲ್ಲೇ ಅಡುಗೆಮನೆಗೆ ಹೋಗಿ. ಬೀಗ ಕಂಡರೆ ಕಾಗದ ಕೇಳಿ.

ಸುರಕ್ಷತೆ ಎಂದಾಗ ನಮಗೆ ಹೊಡೆತ, ಬೈಗುಳ ನೆನಪಾಗುತ್ತವೆ. ಅವೂ ಇವೆ. ಆದರೆ ಈ ಮನೆಗಳಲ್ಲಿ ಜೀವ ಹೋಗುವುದು ಅನೇಕ ಸಲ ಯಾರೂ ಕೈಯೆತ್ತದೆ. ರಾಜ್ಯದ ವರ್ತನಾ ಆರೋಗ್ಯ ಮತ್ತು ಬೆಳವಣಿಗೆ ಸೇವೆಗಳ ಇಲಾಖೆ (ಡಿಬಿಎಚ್‌ಡಿಎಸ್) ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಮಾಡಿಸುವ ಅಪಾಯದ ತಪಾಸಣೆಯಲ್ಲಿ ಏನಿದೆ ನೋಡಿ: ಶ್ವಾಸನಾಳಕ್ಕೆ ಆಹಾರ ಹೋಗುವುದು, ಮಲಬದ್ಧತೆಯಿಂದ ಕರುಳು ಕಟ್ಟುವುದು, ನಿರ್ಜಲೀಕರಣ, ಬೀಳುವುದು, ಮಲಗಿದಲ್ಲೇ ಹುಣ್ಣಾಗುವುದು, ಫಿಟ್ಸ್, ರಕ್ತಕ್ಕೆ ಹರಡುವ ಸೋಂಕು. ಎಲ್ಲವೂ ಸಣ್ಣದಾಗಿ ಶುರುವಾಗುವಂಥವು. ಮಾತು ಬಾರದವನಿಗೆ ನಾಲ್ಕು ದಿನದಿಂದ ಮಲವಿಸರ್ಜನೆ ಆಗಿಲ್ಲ, ಅವನು ತೆಗೆದುಕೊಳ್ಳುವ ಮನೋರೋಗದ ಔಷಧಿಯೇ ಅದಕ್ಕೆ ಕಾರಣ, ಅವನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಸಿಬ್ಬಂದಿ ಅದನ್ನು 'ವರ್ತನೆಯ ಸಮಸ್ಯೆ' ಎಂದು ಬರೆಯುತ್ತಾರೆ, ವೈದ್ಯರು ಅದೇ ಔಷಧಿಯನ್ನು ಹೆಚ್ಚಿಸುತ್ತಾರೆ. ಬಚ್ಚಲುಮನೆಯ ದಾಖಲೆಯ ಹಾಳೆಯನ್ನು ಯಾರಾದರೂ ಓದಿದ್ದರೆ ಅಷ್ಟಕ್ಕೆ ನಿಲ್ಲುತ್ತಿತ್ತು. ನನ್ನನ್ನು ಕೇಳಿದರೆ, ಮನೆಯ ಗುಣಮಟ್ಟ ಅಳೆಯಲು ಸೋಫಾ, ಟಿವಿ ನೋಡುವುದಕ್ಕಿಂತ ಆ ಹಾಳೆ ಕೇಳುವುದು ಮೇಲು.

ನುಂಗುವ ತೊಂದರೆ ಇನ್ನೊಂದು. ನಮ್ಮ ಊಟಕ್ಕೆ ಇಲ್ಲಿ ವಿಶೇಷ ಎಚ್ಚರ ಬೇಕು. ತೆಳು ಸಾರಿನಲ್ಲಿ ಅನ್ನದ ಅಗುಳು ತೇಲುವಂಥ ಊಟ, ಅಂದರೆ ನೀರೂ ಗಟ್ಟಿಯೂ ಒಟ್ಟಿಗೆ ಬಾಯಿಗೆ ಬರುವಂಥದ್ದು, ನುಂಗಲು ಕಷ್ಟವಿರುವವರಿಗೆ ಬಹಳ ಅಪಾಯಕರ. ನುಣ್ಣಗೆ ಮಸೆದ ಮೊಸರನ್ನ ಎಷ್ಟೋ ವಾಸಿ. ಯಾವ ಹದ ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ ಬರೆದುಕೊಡಬೇಕು, ಆ ಹಾಳೆ ಅಡುಗೆಮನೆಯಲ್ಲಿ ಅಂಟಿಸಿರಬೇಕು. ಕನ್ನಡ ಸಂಘದ ಯುಗಾದಿಗೆ ಕರೆದುಕೊಂಡು ಹೋದಾಗ ಪ್ರೀತಿಯಿಂದ ಕಡಲೆಕಾಯಿ ಬೀಜದ ಪುಳಿಯೋಗರೆ ತಿನ್ನಿಸಲು ಬರುವ ಆಂಟಿಯರಿಗೂ ಇದು ಗೊತ್ತಿರಲಿ.

ಭಾಷೆಯ ಮಾತೂ ಇಲ್ಲಿಯೇ ಬರುತ್ತದೆ. ಇಂಗ್ಲಿಷ್ ಅರ್ಥವಾಗುವ ಮಗನೂ ನೋವಾದಾಗ 'ಹೊಟ್ಟೆ', 'ಉರಿ', 'ಸಾಕು' ಎಂದೇ ಹೇಳಬಹುದು. ವರ್ಷಕ್ಕೊಮ್ಮೆ ಬರೆಯುವ ಐಎಸ್‌ಪಿ, ಅಂದರೆ ಅವನ ವೈಯಕ್ತಿಕ ನೆರವಿನ ಯೋಜನೆಯಲ್ಲಿ, ಈ ಪದಗಳ ಪಟ್ಟಿಯನ್ನು ಉಚ್ಚಾರಣೆ, ಅರ್ಥ ಸಮೇತ ಸೇರಿಸಿ. ಸಸ್ಯಾಹಾರಿ ಎಂಬುದನ್ನೂ ಬಾಯಿಮಾತಿಗೆ ಬಿಡಬೇಡಿ. ಕೆಲಸಗಾರರು ಬದಲಾಗುತ್ತಲೇ ಇರುತ್ತಾರೆ. ಸಂಬಳ ಕಡಿಮೆ, ಕೆಲಸ ಭಾರ, ಹಾಗಾಗಿ ಬಿಟ್ಟು ಹೋಗುವವರು ಬಹಳ. ನಿನ್ನೆಯವಳಿಗೆ ಗೊತ್ತಿದ್ದದ್ದು ಇಂದಿನವನಿಗೆ ಗೊತ್ತಿರಬೇಕಾದರೆ ಕಾಗದವೊಂದೇ ದಾರಿ.

ಇನ್ನು ಹೊರಗಿನ ಕಣ್ಣುಗಳು. ಸಿಎಸ್‌ಬಿಯ ಸಪೋರ್ಟ್ ಕೋಆರ್ಡಿನೇಟರ್ 90 ದಿನಕ್ಕೊಮ್ಮೆಯಾದರೂ ಮುಖತಃ ನೋಡಬೇಕು. ಆರೋಗ್ಯ ಅಥವಾ ವರ್ತನೆಯ ತೊಂದರೆ ಹೆಚ್ಚಿದ್ದರೆ, ಐವರಿಗಿಂತ ಕಡಿಮೆಯಿಲ್ಲದ ಮನೆಯಲ್ಲಿದ್ದರೆ, ಸಂಸ್ಥೆಯ ಲೈಸೆನ್ಸ್ ತಾತ್ಕಾಲಿಕ ಅಥವಾ ಷರತ್ತಿನದಾಗಿದ್ದರೆ 30 ದಿನಕ್ಕೊಮ್ಮೆ; ಎರಡು ತಿಂಗಳಿಗೆ ಒಂದು ಭೇಟಿ ಮನೆಯಲ್ಲೇ ಆಗಬೇಕು. ರಾಜ್ಯದ ಡಿಬಿಎಚ್‌ಡಿಎಸ್ ಇಲಾಖೆಯ ಲೈಸೆನ್ಸ್ ವಿಭಾಗ ವರ್ಷಕ್ಕೊಮ್ಮೆಯಾದರೂ ಹೇಳದೆ ಕೇಳದೆ ತಪಾಸಣೆಗೆ ಬರಬೇಕು. ಮೂರು ವರ್ಷದ ಲೈಸೆನ್ಸ್ ಒಳ್ಳೆಯ ಲಕ್ಷಣ. ತಾತ್ಕಾಲಿಕ ಲೈಸೆನ್ಸ್ ಎಂದರೆ ಲೋಪ ಸಿಕ್ಕಿದೆ ಎಂದರ್ಥ. ತಪಾಸಣೆಯಲ್ಲಿ ಸಿಕ್ಕ ಲೋಪ, ಅದಕ್ಕೆ ಸಂಸ್ಥೆ ಒಪ್ಪಿಕೊಂಡ ತಿದ್ದುಪಡಿ ಎರಡನ್ನೂ ಸಾರ್ವಜನಿಕರು ನೋಡಬಹುದು. ಗಂಭೀರ ಘಟನೆ ಅಥವಾ ದೌರ್ಜನ್ಯದ ಆರೋಪವನ್ನು ಸಂಸ್ಥೆ 24 ಗಂಟೆಯೊಳಗೆ ಇಲಾಖೆಗೆ ವರದಿ ಮಾಡಬೇಕು. ಒಂದೂ ವರದಿಯಿಲ್ಲದ ಸಂಸ್ಥೆ ನಿರ್ಮಲ ಎಂದು ಭಾವಿಸಬೇಡಿ: ಗಂಭೀರ ಘಟನೆಗಳನ್ನು ವರದಿಯೇ ಮಾಡದೆ ಬಿಟ್ಟದ್ದು ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್ ರಾಜ್ಯಗಳಲ್ಲಿ ಕೇಂದ್ರದ ಲೆಕ್ಕಪರಿಶೋಧಕರಿಗೆ ಸಿಕ್ಕಿತ್ತು, ಆ ಕುರಿತ ಜಂಟಿ ವರದಿ ಹೊರಬಂದದ್ದು 2018ರಲ್ಲಿ. ಬಿದ್ದದ್ದನ್ನು ಬಿದ್ದಿತು ಎಂದು ಬರೆಯುವ ಮನೆಯೇ ನಂಬಲು ಯೋಗ್ಯ.

ಇಷ್ಟೆಲ್ಲ ಇದ್ದೂ ಹೆಚ್ಚಿನ ಭೇಟಿಗಳು ಹಗಲಿನವು, ಕಚೇರಿ ವೇಳೆಯವು. ರಾತ್ರಿ ಹತ್ತಕ್ಕೆ, ಭಾನುವಾರ ಬೆಳಿಗ್ಗೆ ಹೋಗುವವರು ಮನೆಯವರು ಮಾತ್ರ. ಹೋಗಿ. ರಾತ್ರಿ ಪಾಳಿಯಲ್ಲಿ ಎಷ್ಟು ಜನ, ಬೆಂಕಿ ಬಿದ್ದರೆ ವೀಲ್‌ಚೇರಿನವರನ್ನು ಯಾರು ಹೊರಗೆ ತರುತ್ತಾರೆ, ಔಷಧಿ ಕೊಡುವವರು ನರ್ಸಿಂಗ್ ಮಂಡಳಿ ಒಪ್ಪಿದ ತರಬೇತಿ ಮುಗಿಸಿದ್ದಾರೆಯೇ, ಕಳೆದ ವರ್ಷ ಎಷ್ಟು ಜನ ಕೆಲಸ ಬಿಟ್ಟರು ಎಂದು ಕೇಳಿ. ತಡವರಿಸಿದರೂ ನೇರವಾಗಿ ಉತ್ತರಿಸುವವರು ಪರವಾಗಿಲ್ಲ. ಪ್ರಶ್ನೆಗೇ ಸಿಟ್ಟಾಗುವವರ ಮನೆ ಬೇಡ.

ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ನಿಮ್ಮ ಮಗಳು ವಯಸ್ಕಳು. ಕೋರ್ಟಿನಿಂದ ಗಾರ್ಡಿಯನ್‌ಶಿಪ್ ಪಡೆಯುವುದು ಒಂದು ದಾರಿ, ಆದರೆ ಅದು ಅವಳ ಹಕ್ಕುಗಳನ್ನು ಕಿತ್ತುಕೊಳ್ಳುತ್ತದೆ. ಅವಳೇ ತೀರ್ಮಾನಿಸಿ ನೀವು ನೆರವಾಗುವ ಒಪ್ಪಂದಕ್ಕೆ ವರ್ಜೀನಿಯಾ 2021ರಲ್ಲಿ ಕಾನೂನಿನ ಮಾನ್ಯತೆ ಕೊಟ್ಟಿದೆ. ವಕೀಲರ ಬಳಿ ಹೋದಾಗ ಎರಡನ್ನೂ ಕೇಳಿ ತಿಳಿದುಕೊಳ್ಳಿ.

ಮೈಮೇಲೆ ಕಾರಣ ಗೊತ್ತಾಗದ ಗಾಯ ಕಂಡರೆ, ತೂಕ ಇಳಿದರೆ, ಒಬ್ಬ ಕೆಲಸಗಾರ ಬಂದಾಗ ಮಾತ್ರ ಮಗು ಮುದುಡಿ ಕೂತರೆ, ಸಂಸ್ಥೆಯ ಮ್ಯಾನೇಜರಿಗೆ ಹೇಳಿ ಸುಮ್ಮನಾಗಬೇಡಿ. ಸಪೋರ್ಟ್ ಕೋಆರ್ಡಿನೇಟರಿಗೆ, ಇಲಾಖೆಯ ಮಾನವ ಹಕ್ಕುಗಳ ವಿಭಾಗಕ್ಕೆ ಬರೆದು ತಿಳಿಸಿ. ವಯಸ್ಕರ ರಕ್ಷಣೆಗಾಗಿ ಇಡೀ ವರ್ಜೀನಿಯಾಕ್ಕೆ ಇರುವ ದೂರವಾಣಿ 888-832-3858, ಇಪ್ಪತ್ನಾಲ್ಕು ಗಂಟೆಯೂ ತೆಗೆದುಕೊಳ್ಳುತ್ತಾರೆ. ಸಾಕ್ಷಿ ಬೇಕಿಲ್ಲ, ಅನುಮಾನ ಸಾಕು.